ಎತ್ತಿಗೆ ಗೊತ್ತಿಲ್ಲದ ಮಾತು

ಕಬ್ಬಿನ ಕಟಾವು ಮುಗಿಯುತ್ತ ಬಂದಿದ್ದ ಮಾಘದ ಮುಂಜಾನೆ. ಕೊಗನೊಳ್ಳಿ ನಿಲ್ದಾಣದಲ್ಲಿ ಕೊಲ್ಲಾಪುರದ ಬಸ್ಸಿಗಾಗಿ ಕಾಯುತ್ತಿದ್ದ ನೆರೆಮನೆಯ ತಾರವ್ವನ ಪಕ್ಕದಲ್ಲೇ ಮನೀಷಾ ಹೆಲ್ಮೆಟ್ ಹಿಡಿದು ನಿಂತಿದ್ದಳು. ಮನೀಷಾಳ ಸೋದರಮಾವ ಲಗಮಣ್ಣ ಬೈಕ್ ನಿಲ್ಲಿಸಿ ಬಂದ.

"ಮತ್ತ ಆ ಗೋ-ಕಾರ್ಟ್ ರೇಸಿಗೆ ಹೊಂಟೀ ಏನು? ಅದರಾಗ ಮುರದ ಮುಂಗೈಯಾಗ ರಾಡ್ ಹಾಕ್ಯಾರ, ಮರತಿಯೇನ?"

"ಎರಡು ವರ್ಷ ಬಿಟ್ಟು ಕುಂತಿದ್ದೆ ಮಾಮಾ. ಈಗ ಡಾಕ್ಟರು ಹೂಂ ಅಂದಾರ."

"ನಾ ಹೂಂ ಅಂದಿಲ್ಲ."

"ನಿಮ್ಮನ್ನ ಕೇಳಿಲ್ಲ."

"ನೆಲಕ್ಕ ಹತ್ತಿದ ಆಟಿಗಿ ಗಾಡಿ ಅದು. ಅದರಾಗೂ ಹೋದ ಸಲ ಎಲ್ಲಾರಕಿಂತ ಕಡೀಕ ಬಂದಿದ್ದಿ."

"ಅದಕ್ಕ ಹೊಂಟೀನಿ."

"ಹೋದ್ರ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ."

"ಎತ್ತು ತಿವಿದು ನಿಮ್ಮ ಪಕ್ಕೆಲಬು ಮುರಿದಿತ್ತಲ್ರಿ. ಮರುವರ್ಷ ಎದಿಗೆ ಧೋತರ ಬಿಗಿದು ಎತ್ತಿನ ಗಾಡಿ ಓಡಿಸೋ ಶರ್ಯತ್ತಿಗೆ ನಿಂತವರು ಯಾರು?"

"ನಾ ಗಂಡಸು."

"ಎತ್ತಿಗೆ ಅದು ಗೊತ್ತಿದ್ದಿಲ್ಲ."

ತಾರವ್ವ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಗಮಣ್ಣ ರಸ್ತೆ ನೋಡುತ್ತ ನಿಂತ. ಅಷ್ಟರಲ್ಲಿ ಬಸ್ ಬಂತು.

"ಸಂಜಿಕ ನಿಮ್ಮ ಮನಿಗೇ ಬರತೀನಿ," ಎಂದಳು ಮನೀಷಾ, ಮೆಟ್ಟಿಲ ಮೇಲಿಂದ. "ಗೆದ್ರೂ, ಸೋತ್ರೂ. ಜ್ವಾಳದ ಭಕ್ರಿ ಬಡಿಯಾಕ ಅತ್ತಿಯವರಿಗೆ ಹೇಳಿಡ್ರಿ."

ಅವಳ ಹಿಂದೆಯೇ ಬಸ್ ಹತ್ತಿದ ತಾರವ್ವ ಕಿಟಕಿಯಿಂದ ಹೊರಳಿ ನೋಡಿದಾಗ, ಲಗಮಣ್ಣ ತನ್ನ ಎಡಗಡೆಯ ಪಕ್ಕೆಲುಬಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದ.