ಬೀರುವಿನಲ್ಲಿ ಭದ್ರ

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಅಮ್ಮನ ಇನ್ಸುಲಿನ್‌ಗಾಗಿ ಮೂರನೇ ದಿನ ನಿಂತಿದ್ದೆ. ಸಾಲಿನಲ್ಲಿ ನನ್ನ ಮುಂದಿದ್ದವರು ಇಲ್ಲಿಗೆ ಔಷಧಿ ಕಳಿಸುವ ಗೋದಾಮಿನ ಉಸ್ತುವಾರಿ. ಅವರನ್ನು ಹುಡುಕಿಕೊಂಡು ಸಂಶೋಧಕಿಯೊಬ್ಬಳು ಓಡೋಡಿ ಬಂದಳು.

“ಸಾರ್, ಔಷಧಿ ಪೆಟ್ಟಿಗೆ ಎಲ್ಲಿದೆ ಅಂತ ತಿಳಿಯೋಕೆ ಅದರೊಳಗಿಡಿ ಅಂತ ನಲವತ್ತು ಟ್ರ್ಯಾಕರ್ ಕೊಟ್ಟಿದ್ನಲ್ಲ, ಆರು ತಿಂಗಳಲ್ಲಿ ಒಂದೂ ಕಳುವಾಗಿಲ್ಲ! ನನ್ನ ವರದಿಗೆ ಬಹುಮಾನ ಬಂತು.”

“ಕಳುವಾಗೋದು ಹೇಗಮ್ಮಾ? ಬೀರುವಲ್ಲಿಟ್ಟು ಬೀಗ ಹಾಕಿದೀನಿ.”

“ಬೀರುವಲ್ಲಿಟ್ರಾ? ಪೆಟ್ಟಿಗೆ ಜೊತೆ ಕಳಿಸಿಲ್ವಾ?”

“ಒಂದು ಕಳೆದ್ರೂ ನಾನೇ ಹೊಣೆ ಅಂತ ರುಜು ಹಾಕಿಸ್ಕೊಂಡಿದ್ದು ನೀವೇ ತಾನೆ? ಪೆಟ್ಟಿಗೆಗಳು ದಾರೀಲಿ ಮಾಯ ಆಗ್ತವೆ ತಾಯಿ. ಅವುಗಳ ಜೊತೆ ಇವನ್ನೂ ಕಳ್ಕೊಳ್ಳಲಾ?”

ಅವಳು ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು.

“ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?”

“ಯಾರೂ ಕೇಳ್ಲಿಲ್ಲ.”

“ಬಹುಮಾನದ ಜೊತೆ ಇನ್ನೂ ಸಾವಿರ ಟ್ರ್ಯಾಕರ್ ಕಳಿಸ್ತಾರಂತೆ ಸಾರ್.”

“ಹಾಗಾದ್ರೆ ಇನ್ನೊಂದು ಬೀರು ಬೇಕಾಗುತ್ತೆ.”

“ಅರ್ಜಿ ಬರ್ಕೊಡಿ, ಈಗಲೇ ಮಂಜೂರು ಮಾಡಿಸ್ತೀನಿ.”

ಬೀರುವಿನ ಅಳತೆಯನ್ನು ಕೈಯಲ್ಲೇ ತೋರಿಸುತ್ತಾ ಇಬ್ಬರೂ ಸಾಲು ಬಿಟ್ಟು ಹೊರಟುಹೋದರು. ನನ್ನ ಸರದಿ ಬೇಗ ಬಂತು.

ಕಿಟಕಿಯವನು ಚೀಟಿ ನೋಡಿ ವಾಪಸ್ ತಳ್ಳಿದ.

“ಇನ್ಸುಲಿನ್ ಪೆಟ್ಟಿಗೆ ಗೋದಾಮು ಬಿಟ್ಟು ನಾಲ್ಕು ದಿನ ಆಯ್ತಂತೆ. ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನಾಳೆ ಬನ್ನಿ.”