ಮೂರು ಸಲ ಬಡಿದರೆ ಮೇಲೆ ಬಾ

ಇದು ನಮ್ಮ ಪಕ್ಕದ ಮನೆಯ ಮೆಣಸಿನಕಾಯಿಗೆ ಆದದ್ದು. ಅವನಿಗೂ ಒಂದು ಹೆಸರಿದೆ, ಬೀದಿಯಲ್ಲಿ ಯಾರೂ ಅದನ್ನು ಬಳಸುವುದಿಲ್ಲ ಅಷ್ಟೆ. ಕೆಲಸ ಪ್ಲಂಬರ್, ಸಿಟ್ಟು ಮೂಗಿನ ತುದಿಯಲ್ಲಿ. ನಗುವವರಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ.

ರಾತ್ರಿ ಒಂಬತ್ತೂವರೆ ಇರಬಹುದು. ಅಂಗಡಿಯ ಶಟರ್ ಎಳೆದು, ಸಾಮಾನಿನ ಚೀಲ ಹೆಗಲಿಗೇರಿಸಿ ಮನೆಗೆ ಹೊರಟಿದ್ದ. ದಾರಿಯಲ್ಲಿ ಒಂದು ಹಳೇ ಬಾವಿ. ಯಾರೂ ಬೀಳದಿರಲಿ ಎಂದು ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಒಳಗೆ ಎಲ್ಲೋ ತೊಟ್... ತೊಟ್... ಎಂದು ನೀರು ಬೀಳುತ್ತಿತ್ತು. ಅಷ್ಟರಲ್ಲಿ ಬಾವಿಕಟ್ಟೆಯ ಕತ್ತಲಿನಿಂದ ಯಾರೋ ಎದ್ದು ನಿಂತರು. ಇವನ ಜೀವ ಬಾಯಿಗೆ ಬಂತು.

"ಹೆದರ್ಬೇಡಿ, ನಾನು. ಮೂಲೆಮನೆ ನರ್ಸು," ಎಂದಳು ಆಕೆ ಪಿಸುದನಿಯಲ್ಲಿ. "ಬಿಸಿನೀರಿನ ಪೈಪು ಇವತ್ತೂ ಬಡ್ಕೋತಿದೆ."

"ಪುರುಸೊತ್ತಿಲ್ಲ ಅಂತ ಎರಡು ಸಲ ಹೇಳಿದ್ನಲ್ಲ ಮೇಡಂ."

"ನಿಮ್ಮ ಅಕ್ಕನೇ ಕಳಿಸಿದ್ರು. ನಾನು ಹೇಳ್ದೆ ಅನ್ನಿ, ಬರ್ತಾನೆ ಅಂದ್ರು."

ಅಕ್ಕ ಹೇಳಿದ ಮೇಲೆ ಮುಗಿಯಿತು. ಊರಿಗೆಲ್ಲ ಖಾರವಾದ ಮೆಣಸಿನಕಾಯಿ ಅಕ್ಕನ ಮುಂದೆ ಮಾತ್ರ ತೆಪ್ಪಗಿರುತ್ತಾನೆ.

"ಹೇಗೆ ಬಡ್ಕೊಳ್ಳತ್ತೆ?"

"ಮೂರು ಸಲ. ಆಮೇಲೆ ಸುಮ್ಮನಾಗತ್ತೆ. ಸ್ವಲ್ಪ ಹೊತ್ತು ಬಿಟ್ಟು... ಮತ್ತೆ ಮೂರು. ಯಾರೋ ಕರೆದ ಹಾಗೆ."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಆಕೆ ಅವನ ಕೈಗೆ ಬೀಗದ ಕೈ ಕೊಟ್ಟಳು. ಆಕೆಗೆ ರಾತ್ರಿ ಡ್ಯೂಟಿ. ಮನೆಯಲ್ಲಿ ಅತ್ತೆ ಒಬ್ಬರೇ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವರು. ಬಿಸಿನೀರು ದಾರದ ಎಳೆಯಷ್ಟೇ ಬರುತ್ತಿತ್ತು. ಬಕೆಟ್ ತುಂಬುವಷ್ಟರಲ್ಲಿ ನೀರು ಆರಿಹೋಗುತ್ತಿತ್ತು, ಆ ಮುದುಕಿಯ ಮೈ ಒರೆಸಲೂ ಆಗುತ್ತಿರಲಿಲ್ಲ.

ಅವನು ಆ ಮನೆಗೆ ಯಾಕೆ ಹೋಗುತ್ತಿರಲಿಲ್ಲ, ಅದನ್ನು ಹೇಳಬೇಕು.

ಮೂರು ವರ್ಷದ ಹಿಂದಿನವರೆಗೆ ಅವನೂ ಅಕ್ಕನ ಗಂಡನೂ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಭಾವ ತಾರಸಿಯ ಮೇಲೆ ತೊಟ್ಟಿಯ ಹತ್ತಿರ, ಇವನು ಕೆಳಗೆ ನಲ್ಲಿಯ ಹತ್ತಿರ. ಕೂಗಿದರೆ ಕೇಳಿಸುವುದಿಲ್ಲ, ಒದ್ದೆ ಕೈಯಲ್ಲಿ ಫೋನ್ ಹಿಡಿಯುವುದಕ್ಕಾಗುವುದಿಲ್ಲ. ಅದಕ್ಕೆ ಸ್ಪ್ಯಾನರಿನಿಂದ ಪೈಪಿಗೆ ಬಡಿಯುತ್ತಿದ್ದರು. ಎರಡು ಬಡಿದರೆ ನಲ್ಲಿ ಬಿಡು. ಮೂರು ಬಡಿದರೆ ಮೇಲೆ ಬಾ. ಕೇಳಿಸಿಕೊಂಡವನು ತಿರುಗಿ ಒಂದು ಬಡಿಯಬೇಕು. ಅಂದರೆ, ಕೇಳಿಸಿತು. ಕೆಲಸ ಮುಗಿದ ಮೇಲೆ ಭಾವ ನಲ್ಲಿ ಒರೆಸಿ, ಆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ ನಲ್ಲಿಯ ಮೇಲೆ ಇಡುತ್ತಿದ್ದರು. ಅದು ಅವರ ಸಹಿ ಎಂದು ಅಕ್ಕ ನಗುತ್ತಿದ್ದಳು.

ಅವತ್ತು ಇದೇ ಮೂಲೆಮನೆಯಲ್ಲಿ ಕೆಲಸ. ಆಗ ಬೇರೆಯವರಿದ್ದರು. ಇವನು ಒಂದು ವಾಲ್ವನ್ನು ಉಲ್ಟಾ ಕೂರಿಸಿದ್ದ. ಭಾವ ಮನೆಯವರ ಮುಂದೆಯೇ, "ನೀರಿಗೆ ಬಂದ ದಾರೀಲೇ ವಾಪಸ್ ಹೋಗು ಅಂತಿದ್ದೀಯಲ್ಲೋ!" ಎಂದು ನಕ್ಕುಬಿಟ್ಟರು. ಮೆಣಸಿನಕಾಯಿಗೆ ಮೈಯೆಲ್ಲ ಉರಿಯಿತು. ಭಾವ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಪೈಪಿನಲ್ಲಿ ಟಣ್... ಟಣ್... ಟಣ್. ಮೇಲೆ ಬಾ. ಇವನು ಕದಲಲಿಲ್ಲ. ಬೇಕಾದರೆ ಅವರೇ ಇಳಿದು ಬರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಕೂತ. ಮತ್ತೆ ಮೂರು. ಮತ್ತೆ ಮೂರು. ಕೊನೆಯದು ಬಹಳ ಮೆಲ್ಲಗಿತ್ತು. ಕಾಲು ಗಂಟೆ ಬಿಟ್ಟು ಮೇಲೆ ಹೋದಾಗ ಭಾವ ತೊಟ್ಟಿಗೆ ಒರಗಿ ಕೂತಿದ್ದರು. ಕೈಯಲ್ಲಿ ಸ್ಪ್ಯಾನರ್ ಇತ್ತು, ಉಸಿರಿರಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು.

ಅಕ್ಕ ಕೇಳಿದ್ದಳು. "ನಿನ್ನನ್ನ ಕರೀಲಿಲ್ವಾ?"

"ಏನೂ ಕೇಳಿಸ್ಲಿಲ್ಲ ಅಕ್ಕ," ಎಂದುಬಿಟ್ಟ. ಆ ಸುಳ್ಳು ಮೂರು ವರ್ಷದಿಂದ ಗಂಟಲಲ್ಲೇ ಕೂತಿತ್ತು.

ಸರಿ... ಬೀಗ ತೆಗೆದು ಒಳಗೆ ಹೋದ. ಮುದುಕಿ ಮಲಗಿದಲ್ಲಿಂದಲೇ, "ಬಂದ್ಯೇನಪ್ಪಾ?" ಎಂದರು. ಮಂಚದ ಪಕ್ಕದ ಕುರ್ಚಿಯಲ್ಲಿ ಫೋನ್ ಇಟ್ಟು ಕೆಲಸ ಶುರುಮಾಡಿದ. ತಣ್ಣೀರಿನ ನಲ್ಲಿ ಬಿಟ್ಟ, ಜೋರಾಗಿ ಬಂತು. ಬಿಸಿನೀರಿನದು ಬಿಟ್ಟ, ಸಣ್ಣ ಎಳೆ. ಅಂದರೆ ದೋಷ ಬಿಸಿನೀರಿನ ದಾರಿಯಲ್ಲೇ. ಶವರ್ ಬಿಚ್ಚಿ ಒಳಗಿನ ಬಿಳಿ ಗಸಿ ಕೆರೆದ. ಹಳೇ ವಾಷರ್ ಬದಲಿಸಿದ. ಪೈಪು ಬಿಸಿಯಾದಾಗ ಹಿಗ್ಗಿ ಗೋಡೆಗೆ ಬಡಿಯುತ್ತದೆ, ಅದಕ್ಕೆ ಕ್ಲಿಪ್ಪುಗಳಿಗೆಲ್ಲ ರಬ್ಬರ್ ಕೊಟ್ಟು ಬಿಗಿದ. ಈಗ ಅಲ್ಲಾಡುವುದಕ್ಕೆ ಏನೂ ಉಳಿದಿರಲಿಲ್ಲ. ನಲ್ಲಿ ಒರೆಸಿದ ಒದ್ದೆ ಬಟ್ಟೆಯನ್ನು ಮುದುರಿ ಚೀಲದ ಮೇಲೆ ಎಸೆದ.

ಟಣ್... ಟಣ್... ಟಣ್.

ಕೈಯಿಟ್ಟಿದ್ದ ಪೈಪಿನೊಳಗಿಂದಲೇ ಬಂತು. ನಡುವೆ ಅದೇ ಅಂತರ. ಕೊನೆಯದು ಅಷ್ಟೇ ಮೆಲ್ಲಗೆ.

"ಮೇಲೆ ಹೋಗಿ ನೋಡಪ್ಪಾ," ಎಂದರು ಮುದುಕಿ. "ಎಲ್ಲರೂ ಕೆಳಗೇ ನೋಡಿ ಹೋಗ್ತಾರೆ."

ಸ್ಪ್ಯಾನರ್ ಒಂದನ್ನೇ ಹಿಡಿದು ಮೆಟ್ಟಿಲು ಹತ್ತಿದ. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದೆ ಎಂದು ಅವನೇ ಹೇಳಿದ್ದಾನೆ, ನಾನು ಸೇರಿಸಿದ್ದಲ್ಲ. ತಾರಸಿಯ ಕಬ್ಬಿಣದ ಬಾಗಿಲಿನ ಅಗುಳಿ ಒಳಗಡೆಯಿಂದ. ಅದನ್ನು ಎತ್ತಿ ಹೊರಗೆ ಕಾಲಿಟ್ಟ. ತೊಟ್ಟಿಯ ಹಿಂದೆ ಹಲಗೆ ಮುಚ್ಚಿದ ಒಂದು ಗೂಡು, ಅದರೊಳಗೆ ಬಿಸಿನೀರಿನ ಪೈಪಿನ ವಾಲ್ವು. ಮುಕ್ಕಾಲು ಭಾಗ ಮುಚ್ಚಿತ್ತು. ಅವತ್ತು ಭಾವ ಮುಚ್ಚುತ್ತಾ ಮುಚ್ಚುತ್ತಾ ಅಲ್ಲಿಗೇ ಬಿಟ್ಟದ್ದು. ಆ ಸಂದಿನಲ್ಲಿ ನೀರು ಗೊರ್ರ್... ಎಂದು ಒದ್ದಾಡುತ್ತಿತ್ತು. ಮೂರು ವರ್ಷ ಯಾರೂ ಇಲ್ಲಿ ಕೈಯಿಟ್ಟಿರಲಿಲ್ಲ. ಒಂದು ಸುತ್ತು, ಎರಡು, ಐದು... ವಾಲ್ವು ಪೂರ್ತಿ ತೆರೆಯಿತು. ಆ ಗೊರಗೊರ ನಿಂತಿತು.

ಅಷ್ಟೇ, ಗಾಳಿಗೆ ಬಾಗಿಲು ದಡಾರ್ ಎಂದು ಮುಚ್ಚಿಕೊಂಡಿತು. ಒಳಗಡೆ ಅಗುಳಿ ಟಪ್ ಎಂದು ಬಿತ್ತು.

ತಳ್ಳಿದ, ಒದ್ದ. ಕೂಗಿದರೆ ಕೇಳುವವರು ಯಾರು? ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮುದುಕಿ ಏಳುವ ಹಾಗಿಲ್ಲ. ಫೋನ್ ಕೆಳಗೆ. ಬೇರೆ ಏನು ಮಾಡಬೇಕೋ ತೋಚದೆ ಪೈಪಿಗೆ ಬಡಿದ. ಟಣ್, ಟಣ್, ಟಣ್. ಉತ್ತರ ಇಲ್ಲ. ಸ್ವಲ್ಪ ತಡೆದು ಮತ್ತೆ ಮೂರು. ಉತ್ತರ ಇಲ್ಲ. ಆಗ ಅವನಿಗೆ ಹೊಳೆಯಿತು, ತಾನು ನಿಂತಿರುವುದು ಎಲ್ಲಿ ಎಂದು. ಭಾವ ಇಲ್ಲೇ, ಹೀಗೇ, ಕಿವಿಗೊಟ್ಟು ಕಾದಿದ್ದರು. ಕೆಳಗೆ ತಮ್ಮ ಹುಡುಗ ಇದ್ದಾನೆ, ಬಂದೇ ಬರುತ್ತಾನೆ ಎಂದು ಕಾದಿದ್ದರು. ಪೈಪಿಗೆ ಹಣೆ ಹಚ್ಚಿ ಚಿಕ್ಕ ಮಕ್ಕಳ ಹಾಗೆ ಅತ್ತ.

"ಭಾವ... ನಂಗೆ ಕೇಳಿಸಿತ್ತು. ನಾನೇ ಬರ್ಲಿಲ್ಲ."

ಬಾವಿ ಕಡೆಯಿಂದ ಗಾಳಿ ಬೀಸಿ ನಿಂತಿತು. ಏನೂ ಇಲ್ಲ...

ಟಣ್.

ಒಂದೇ ಒಂದು. ಕೆಳಗಿನಿಂದ.

ಆಮೇಲೆ ಮೆಟ್ಟಿಲ ಮೇಲೆ ಯಾರೂ ಹತ್ತಿದ ಸದ್ದಿಲ್ಲ. ಅಗುಳಿ ಮಾತ್ರ ಕಿರ್ರ್... ಎಂದು ಎದ್ದಿತು. ಬಾಗಿಲು ಬೆರಳಷ್ಟು ಸರಿಯಿತು.

ಇಳಿದು ಬಂದ. ಮೆಟ್ಟಿಲಲ್ಲಿ ಯಾರೂ ಇಲ್ಲ. ಬಚ್ಚಲಿನ ತುಂಬ ಹಬೆ. ಬಕೆಟ್ ಅಂಚಿನವರೆಗೂ ತುಂಬಿತ್ತು, ನಲ್ಲಿ ಬಿಗಿಯಾಗಿ ಮುಚ್ಚಿತ್ತು.

"ನಲ್ಲಿ ಬಿಟ್ಟಿದ್ದು ಯಾರಪ್ಪಾ?" ಮುದುಕಿ ಮೆಲ್ಲಗೆ ಕೇಳಿದರು. "ನೀನು ಮೇಲಿದ್ಯಲ್ಲ?"

ಅವನ ಕಣ್ಣು ನಲ್ಲಿಯ ಮೇಲಿತ್ತು. ಏನನ್ನೋ ಎತ್ತಿ ಚೀಲಕ್ಕೆ ಹಾಕಿಕೊಂಡು, ಬೀಗ ಹಾಕಿ, ಬಾವಿಯ ಕಡೆ ತಿರುಗಿಯೂ ನೋಡದೆ ಮನೆ ಸೇರಿದ.

ಅಕ್ಕ ಎದ್ದೇ ಇದ್ದಳು. ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಮೂರು ವರ್ಷದ ಸುಳ್ಳನ್ನೂ ಹೇಳಿದ.

ಅಕ್ಕ ಕೂತಿದ್ದವಳು ಎದ್ದು ನಿಂತಳು. "ನೀನು ಹೋಗಿದ್ರೆ ಉಳೀತಿದ್ರೇನೋ?"

"ಗೊತ್ತಿಲ್ಲ ಅಕ್ಕ."

"ಅದೊಂದು ನನಗೂ ಗೊತ್ತಾಗಲ್ಲ ಇನ್ನು," ಎಂದಳು. ಧ್ವನಿಯಲ್ಲಿ ಸಿಟ್ಟಿತ್ತು, ಇರಬೇಕಾದ ಸಿಟ್ಟೇ.

ಅವನು ಚೀಲದಿಂದ ತಾನು ಮುದುರಿ ಎಸೆದಿದ್ದ ಆ ಬಟ್ಟೆ ತೆಗೆದು ಅವಳ ಅಂಗೈಯಲ್ಲಿಟ್ಟ. ನಾಲ್ಕು ಮಡಿಕೆ, ತುದಿ ಒಳಗೆ ಸಿಕ್ಕಿಸಿತ್ತು. ಅಕ್ಕ ಅದನ್ನು ಹಿಡಿದುಕೊಂಡು ಅಳುವುದಕ್ಕೆ ಶುರುಮಾಡಿದಳು. ಅತ್ತು ಮುಗಿದ ಮೇಲೆ, "ತಟ್ಟೆ ಮುಚ್ಚಿಟ್ಟಿದೀನಿ. ಕೈ ತೊಳ್ಕೊಂಡು ಊಟ ಮಾಡು ಹೋಗು," ಎಂದಳು.

ಆವತ್ತಿನಿಂದ ಮೂಲೆಮನೆಯ ಪೈಪು ಬಡಿದುಕೊಂಡಿಲ್ಲ. ಬೇಕಾದರೆ ನರ್ಸನ್ನೇ ಕೇಳಿ. ಬಟ್ಟೆಯನ್ನು ಅಕ್ಕ ಬಿಚ್ಚಲಿಲ್ಲ, ಕಪಾಟಿನಲ್ಲಿಟ್ಟಿದ್ದಾಳೆ. ಇದಾಗಿ ಒಂದು ವರ್ಷದ ಮೇಲಾಯಿತು. ಹೋದ ವಾರ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ಇದೇ ಕೈಯಲ್ಲಿ. ಮೇಲೆಲ್ಲ ಒಣಗಿ ಗರಿಗರಿಯಾಗಿದೆ. ಒಳಮಡಿಕೆ ಇನ್ನೂ ಒದ್ದೆ.