ಅಪ್ಪನ ಫೋಟೋ ನೋಡಿದವರು

ಹಲೋ… ಹಲೋ, ಯಾರು ಮಾತಾಡ್ತಿರೋದು? ನಮ್ಮಪ್ಪನ್ನ ನೋಡಿದ್ರಾ? ಎಲ್ಲಿ?…

ಓ, ನೀನಾ ಪುಟ್ಟಾ. ನಿನ್ನ ಚಪ್ಪಲಿ ಅಂಗಡಿ ಹುಡುಗಿ ಫೋನಿಂದ ಮಾಡಿದ್ಯಾ? ಹೊಸ ನಂಬರ್ ಕಂಡ ಕೂಡ್ಲೇ ಜೀವ ಬಾಯಿಗೆ ಬಂತು ಕಣೋ…

ಇಲ್ಲ, ಇನ್ನೂ ಬಂದಿಲ್ಲ. ಪೊಲೀಸ್ ಸ್ಟೇಷನ್‌ಗೆ ಹೋಗ್ಬಂದೆ, ಬರ್ಕೊಂಡ್ರು. ಬಸ್ ಸ್ಟ್ಯಾಂಡು, ಆಸ್ಪತ್ರೆ, ಅಪ್ಪನ ಹಳೇ ಗಡಿಯಾರ ರಿಪೇರಿ ಅಂಗಡಿ, ಎಲ್ಲಾ ಕಡೆ ನೋಡ್ದೆ. ಆ ಅಂಗಡೀಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಯಾರೂ ಬಂದಿಲ್ಲ ಅಂದ್ರು…

ಒಬ್ರಿಗೆ ಅಳತೆ ತಗೋತಿದ್ದೆ. ಟೇಪ್ ಸುತ್ತಿಟ್ಟು ತಿರುಗೋವಷ್ಟರಲ್ಲಿ ಹೊಲಿಗೆ ಮೆಷಿನ್ ಪಕ್ಕ ಅಪ್ಪ ಕೂತಿದ್ದ ಕುರ್ಚಿ ಖಾಲಿ. ಹತ್ತೂವರೆ ಆಗಿತ್ತು. ಮಾತ್ರೆನೂ ತಗೊಂಡಿಲ್ಲ. ತನ್ನ ಹೆಸರು ಕೇಳಿದ್ರೂ ಹೇಳ್ತಾರೋ ಇಲ್ವೋ…

ಹಾಂ, ಅಪ್ಪನ ಫೋಟೋ ಹಾಕಿದ ಆ ಜಾಹೀರಾತು ಏನಾಯ್ತು ಹೇಳು. ನಾನು ದುಡ್ಡು ಕಟ್ಟದೆ ಫೋನಲ್ಲಿ ಸುಮ್ನೆ ಹಾಕಿದ್ದನ್ನ ಹನ್ನೆರಡು ಜನ ನೋಡಿದ್ರು, ಅದ್ರಲ್ಲಿ ಐದು ಜನ ನಮ್ಮನೆಯವರೇ. ದುಡ್ಡು ಕಟ್ಟಿದ್ರೆ ಎಲ್ಲರಿಗೂ ತೋರಿಸ್ತಾರೆ ಅಂದೆಯಲ್ಲ… ಎಷ್ಟು? ಮೂವತ್ತೊಂದು ಸಾವಿರ ಜನಾನಾ?… ಮತ್ಯಾಕೋ ಒಂದು ಫೋನೂ ಬಂದಿಲ್ಲ?…

ಏನು ತಪ್ಪಾಯ್ತು? ನಿಧಾನಕ್ಕೆ ಹೇಳು…

ಹಾಂ… ಹಾಂ… ನಿನ್ನ ಚಪ್ಪಲಿ ಜಾಹೀರಾತು ಯಾರ್ಯಾರಿಗೆ ಹೋಗ್ತಿತ್ತೋ ಅವರಿಗೇ ಇದೂ ಹೋಯ್ತಾ?… ಪಾರ್ಸೆಲ್ ತರಿಸ್ಕೊಳ್ಳೋ ದೂರದ ಸಿಟಿ ಹುಡುಗೀರಿಗಾ?… ಮತ್ತೆ ನಮ್ಮೂರು?… ನಮ್ಮೂರೇ ಇಲ್ವಾ ಅದ್ರಲ್ಲಿ?…

ಹೌದು ಹೌದು, ಗೊತ್ತು. ಊರಿನವರು ಹೇಗೂ ಅಂಗಡಿಗೇ ಬರ್ತಾರೆ, ಅವರಿಗ್ಯಾಕೆ ದುಡ್ಡು ಸುರೀಬೇಕು ಅಂತ ನೀನೇ ತೆಗೆಸಿದ್ದೆ. ನನ್ನ ತಮ್ಮ ಭಾರೀ ಬುದ್ಧಿವಂತ ಅಂತ ನಾನೂ ಬೆನ್ನು ತಟ್ಟಿದ್ದೆ…

ಫೋಟೋ ಕೆಳಗೆ ಏನು ಬಂದಿದೆ?… ಇನ್ನೊಂದ್ಸಲ ಹೇಳು… ಅಪ್ಪನ ಮುಖದ ಕೆಳಗೆ 'ಈಗಲೇ ಕೊಳ್ಳಿ' ಅಂತಾನಾ?…

ಅಳ್ಬೇಡ್ವೋ. ನಿನ್ನ ಬೈತಿಲ್ಲ, ಬೇಕಂತ ಮಾಡಿದ್ಯಾ? ಆ ಜಾಹೀರಾತು ಕಂಪನಿಯವರಿಗೇನು, ಅಪ್ಪ ಆದ್ರೂ ಒಂದೇ, ಚಪ್ಪಲಿ ಆದ್ರೂ ಒಂದೇ. ನೋಡಿದ ಕಣ್ಣಿಗಿಷ್ಟು ಅಂತ ದುಡ್ಡು ಬಂತಲ್ಲ. ಆ ಕಣ್ಣು ಯಾವೂರಿಂದಾದ್ರೇನು ಅವರಿಗೆ…

ಸರಿಮಾಡಿದ್ಯಾ? ನಮ್ಮೂರಿಗೇ ಹಾಕಿದ್ಯಾ? ಒಳ್ಳೇದಾಯ್ತು… ಪರಿಶೀಲನೆಯಲ್ಲಿದೆ ಅಂದ್ರೇನೋ?… ಇಪ್ಪತ್ನಾಲ್ಕು ಗಂಟೆನಾ? ಪುಟ್ಟಾ, ಹೊತ್ತು ಮುಳುಗೋಕೆ ಇನ್ನು ಒಂದೂವರೆ ಗಂಟೆ ಇದೆ. ಯಾರಿಗಾದ್ರೂ ಫೋನ್ ಮಾಡಿ ಹೇಳೋ… ನಂಬರೇ ಇಲ್ವಾ? ಅಷ್ಟು ದೊಡ್ಡ ಕಂಪನೀಲಿ ಫೋನ್ ಎತ್ತೋಕೆ ಒಬ್ಬ ಮನುಷ್ಯ ಇಲ್ವಾ?…

ನನ್ನ ಫೋನಲ್ಲಿ ಏನು ಬರ್ತಿದೆ ಗೊತ್ತಾ? ಅಪ್ಪನಿಗೆ ಮರೆವು ಅಂತ ಬರೆದು ಹಾಕಿದ್ದೇ ತಡ, ಬರೀ ವೃದ್ಧಾಶ್ರಮದ ಜಾಹೀರಾತು. ಮರೆವಿನವರ ಕೈಗೆ ಕಟ್ಟೋಕೆ ಅದೇನೋ ಎಲ್ಲಿ ಹೋದ್ರೂ ತೋರಿಸೋ ಪಟ್ಟಿಯಂತೆ, ನಮ್ಮೂರಿಗೆ ನಾಳೆನೇ ತಲುಪಿಸ್ತಾರಂತೆ. ನಮ್ಮೂರು ಯಾವುದು, ನಮ್ಮನೇಲಿ ಏನಾಗಿದೆ, ಎಲ್ಲಾ ಗೊತ್ತು ಕಣೋ ಅವರಿಗೆ. ಅಪ್ಪ ಎಲ್ಲಿದಾರೆ ಅನ್ನೋದೊಂದು ಬಿಟ್ಟು. ನನ್ನ ಕೈಲಿ ಆಗ್ತಿಲ್ಲ ಪುಟ್ಟಾ…

ಇರು, ಇರು. ಇನ್ನೊಂದು ಕಾಲ್ ಬರ್ತಿದೆ, ಗೊತ್ತಿಲ್ಲದ ನಂಬರು. ನೀನು ಲೈನಲ್ಲೇ ಇರು, ಇಡ್ಬೇಡ…

ಹಲೋ? ಹೌದು, ಅವರ ಮಗಳೇ ಮಾತಾಡ್ತಿರೋದು… ಹಾಂ, ನೀಲಿ ಶರ್ಟು, ಕನ್ನಡಕಕ್ಕೆ ದಾರ ಕಟ್ಟಿದೆ… ಅವರೇ! ಅವರೇ ನಮ್ಮಪ್ಪ! ಎಲ್ಲಿದಾರಮ್ಮಾ? ಕೂರಿಸ್ಕೊಂಡಿರಿ, ಕೈ ಬಿಡ್ಬೇಡಿ, ಇಗೋ ಬಂದೆ…

ಎಲ್ಲಿಂದ?… ಅಷ್ಟು ದೂರದಿಂದಾನಾ?… ಓ… ಫೋನಲ್ಲಿ ಬಂದ ಫೋಟೋ ನೋಡಿದ್ದಾ… ಮೂರು ಸಲ ಬಂತಾ… ಸಿಕ್ಕಿದ್ರಾ ಅಂತ ಕೇಳೋಕೆ ಮಾಡಿದ್ರಾ…

ಇಲ್ಲಮ್ಮಾ, ಸಿಕ್ಕಿಲ್ಲ… ಅಷ್ಟು ಸಾವಿರ ಜನದಲ್ಲಿ ನೀವೊಬ್ಬರು ಕೇಳಿದ್ರಲ್ಲ, ಸಾಕು… ಇಲ್ಲಮ್ಮಾ, ನೀವೇನು ಮಾಡೋಕಾಗುತ್ತೆ ಅಲ್ಲಿಂದ… ಆ ಫೋಟೋ ಮತ್ತೆ ಬಂದ್ರೆ ಬೆರಳಲ್ಲಿ ತಳ್ಳಿಬಿಡ್ಬೇಡಿ ತಾಯೀ, ಒಂಚೂರು ಹೊತ್ತು ನೋಡಿ… ಹಲೋ?…

ಹಲೋ… ಪುಟ್ಟಾ, ನೀನಾದ್ರೂ ಇದ್ಯಾ?… ಪುಟ್ಟಾ…